ಅಧ್ಯಕ್ಷರ ಕಾಂಟ್ರ್ಯಾಕ್ಟ್ ನವೀಕರಣ: ಬಾಗಿಲು ಹಾಕಿದ ಕೋಣೆಯಲ್ಲಿ ಏನು ನಡೆಯುತ್ತದೆ?

ಪ್ರಶ್ನೆ: ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಒಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಯೂನಿವರ್ಸಿಟಿ ನಡೆಸುವ ನಮ್ಮ ಅಧ್ಯಕ್ಷರ ಐದು ವರ್ಷದ ಕಾಂಟ್ರ್ಯಾಕ್ಟ್ ಬರುವ ಜೂನ್ 30ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ ಸಭೆಯಲ್ಲಿ ನವೀಕರಣ ಆಗುತ್ತದೆ ಅಂದುಕೊಂಡಿದ್ದೆವು. ಆದರೆ ಅವರನ್ನು ನೇಮಿಸುವ, ತೆಗೆಯುವ ಆಡಳಿತ ಮಂಡಳಿ, ಅಂದರೆ ಬೋರ್ಡಿನವರು, ಬಾಗಿಲು ಹಾಕಿಕೊಂಡು ಎರಡು ಗಂಟೆ ಮಾತಾಡಿ, ಏನೂ ಹೇಳದೆ ಎದ್ದು ಹೋದರು. ಒಂಬತ್ತು ಜನರ ಬೋರ್ಡಿಗೆ ಈ ವರ್ಷ ಗವರ್ನರ್ ಮೂವರು ಹೊಸಬರನ್ನು ನೇಮಿಸಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆ ಏರಿದೆ, ಬಜೆಟ್ ಸರಿಯಾಗಿದೆ. ಹಾಗಿದ್ದರೆ ತೊಂದರೆ ಏನು? ನಾವು ಅಧ್ಯಾಪಕರು ಸಹಿ ಹಾಕಿ ಒಂದು ಬಹಿರಂಗ ಪತ್ರ ಬರೆಯಬೇಕು ಅಂತಿದ್ದೇವೆ. ಅದರಿಂದ ಉಪಯೋಗ ಇದೆಯಾ?

ಉತ್ತರ: ಪತ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಣ್ಣಿಗೆ ಬಿದ್ದಿದ್ದು ಆ ಎರಡು ಗಂಟೆ. ನವೀಕರಣಕ್ಕೆ ಎಲ್ಲರೂ ಒಪ್ಪಿದ್ದರೆ ಹದಿನೈದು ನಿಮಿಷ ಸಾಕು. ತೆಗೆಯುವುದಕ್ಕೆ ಎಲ್ಲರೂ ಒಪ್ಪಿದ್ದರೂ ಅಷ್ಟೇ ಸಾಕು. ಎರಡು ಗಂಟೆ ಕೂತು ಏನೂ ಹೇಳದೆ ಎದ್ದರು ಅಂದರೆ, ಒಳಗೆ ಲೆಕ್ಕ ಇನ್ನೂ ಕೂಡಿ ಬಂದಿಲ್ಲ. ನಿಮಗೆ ಸ್ವಲ್ಪ ಸಮಯ ಇದೆ, ಆದರೆ ಜಾಸ್ತಿ ಇಲ್ಲ.

ನಿಮ್ಮಂಥದೇ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಫ್ಯಾಕಲ್ಟಿ ಸೆನೆಟ್ (ಅಧ್ಯಾಪಕರ ಪ್ರತಿನಿಧಿ ಸಭೆ) ಪ್ರತಿನಿಧಿಯಾಗಿ ಆರು ವರ್ಷ ಬೋರ್ಡ್ ಸಭೆಗಳಲ್ಲಿ ಕೂತವನು ನಾನು. ಮತ ಹಾಕುವ ಹಕ್ಕು ಇರಲಿಲ್ಲ. ಎಕ್ಸಿಕ್ಯುಟಿವ್ ಸೆಷನ್, ಅಂದರೆ ಬಾಗಿಲು ಹಾಕಿದ ಸಭೆ, ಶುರುವಾದ ಕೂಡಲೇ ಎದ್ದು ಹೊರಗೆ ಹೋಗಬೇಕಿತ್ತು. ಒಂದು ಸಲ ಹೀಗೆ ಅಧ್ಯಕ್ಷರ ವಿಷಯಕ್ಕೇ ಮೂರು ಗಂಟೆ ಕಾರಿಡಾರಿನಲ್ಲಿ ಕಾದಿದ್ದೇವೆ. ನಾನು, ವಿದ್ಯಾರ್ಥಿ ಪ್ರತಿನಿಧಿ, ಇಬ್ಬರು ವರದಿಗಾರರು. ಕೊನೆಗೆ ಬಾಗಿಲು ತೆರೆಯಿತು. ಒಬ್ಬ ಸದಸ್ಯರು ಒಂದು ಹಾಳೆ ನೋಡಿಕೊಂಡು ನಿರ್ಣಯ ಓದಿದರು, ಇನ್ನೊಬ್ಬರು ಅನುಮೋದಿಸಿದರು, ಎಲ್ಲರೂ ಹೂಂ ಅಂದರು. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ. ಆ ಹಾಳೆ ಆಮೇಲೆ ನಮ್ಮ ಕೈಗೂ ಬಂತು. ಅಚ್ಚುಕಟ್ಟಾಗಿ ಟೈಪ್ ಮಾಡಿದ್ದರು. ಕೆಳಗೆ ಹಾಕಿದ್ದ ತಾರೀಖು ನಾಲ್ಕು ದಿನ ಹಿಂದಿನದು. ಒಳಗೆ ಮೂರು ಗಂಟೆ ಏನೇ ಮಾತಾಡಿರಲಿ, ತೀರ್ಮಾನ ಮೊದಲೇ ಆಗಿತ್ತು.

ನಿಮಗೆ ಹೇಳಬೇಕಾದ ಮುಖ್ಯ ವಿಷಯ ಇದೇ. ಅಧ್ಯಕ್ಷರ ಭವಿಷ್ಯ ಮತ ಹಾಕುವ ದಿನ ತೀರ್ಮಾನ ಆಗುವುದಿಲ್ಲ. ಅದಕ್ಕೆ ತಿಂಗಳುಗಳ ಮೊದಲು ಫೋನಿನಲ್ಲಿ, ವಾರ್ಷಿಕ ಮೌಲ್ಯಮಾಪನದ ಪತ್ರದಲ್ಲಿ, ನೋಟಿಸಿನ ಕಡೆಯ ದಿನ ಸುಮ್ನೆ ದಾಟಿ ಹೋಗುವುದರಲ್ಲಿ ತೀರ್ಮಾನ ಆಗುತ್ತದೆ. ನೀವು ಗಮನ ಇಡಬೇಕಾದದ್ದು ಅಲ್ಲಿ.

ಮೊದಲು ಕಾಂಟ್ರ್ಯಾಕ್ಟ್ ವಿಷಯ. ಐದು ವರ್ಷ ಅಂತ ಬರೆದಿದ್ದರೂ ಹೆಚ್ಚಿನ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಅಧ್ಯಕ್ಷರು ಇರುವುದು ಬೋರ್ಡಿನ ಮರ್ಜಿಯಲ್ಲಿ. ಕಾರಣ ಕೊಡದೆಯೂ ತೆಗೆಯಬಹುದು, ಆಗ ಪರಿಹಾರದ ಹಣ ಕೊಡಬೇಕು. ತಪ್ಪು ಮಾಡಿದ್ದಾರೆ ಅಂತ ಕಾರಣ ತೋರಿಸಿ ತೆಗೆದರೆ ಸಾಮಾನ್ಯವಾಗಿ ಆ ಹಣ ಇಲ್ಲ. ಅಂದರೆ ಕಾಂಟ್ರ್ಯಾಕ್ಟ್ ಹೇಳುವುದು ಎಷ್ಟು ವರ್ಷ ಇರುತ್ತಾರೆ ಅಂತ ಅಲ್ಲ, ಕಳಿಸಿದರೆ ಎಷ್ಟು ಖರ್ಚಾಗುತ್ತದೆ ಅಂತ. ಅವಧಿ ಮುಗಿಯುವ ಹೊತ್ತಿಗೆ ಈ ಖರ್ಚು ಸೊನ್ನೆಗೆ ಇಳಿಯುತ್ತದೆ. ಬೇಸರ ಇರುವ ಸದಸ್ಯರು ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದು ಐದನೇ ವರ್ಷ ಮಾತಾಡುವುದು ಇದಕ್ಕೇ. ಸುಮ್ಮನೆ ಬಿಟ್ಟರೆ ಸಾಕು, ಕಾಂಟ್ರ್ಯಾಕ್ಟ್ ತಾನೇ ಸಾಯುತ್ತದೆ. ಯಾರೂ ಯಾರನ್ನೂ ತೆಗೆದ ಹಾಗೆ ಕಾಣುವುದಿಲ್ಲ.

ಉದ್ದದ ಕಾಂಟ್ರ್ಯಾಕ್ಟ್ ಇದ್ದರೆ ಭದ್ರ ಅಂತಲೂ ತಿಳಿಯಬೇಡಿ. ಮಿಷಿಗನ್ ಯೂನಿವರ್ಸಿಟಿಯ ರೀಜೆಂಟರು, ಅಂದರೆ ಬೋರ್ಡ್ ಸದಸ್ಯರು, 2024ರ ಅಕ್ಟೋಬರಿನಲ್ಲಿ ಅಧ್ಯಕ್ಷ ಸಾಂಟಾ ಒನೊ ಅವರಿಗೆ 2032ರವರೆಗಿನ ಹೊಸ ಕಾಂಟ್ರ್ಯಾಕ್ಟ್ ಕೊಟ್ಟರು. ಏಳೇ ತಿಂಗಳಲ್ಲಿ ಅವರು ಫ್ಲೋರಿಡಾ ಯೂನಿವರ್ಸಿಟಿಗೆ ಹೊರಟು ನಿಂತರು. ಅಲ್ಲಿನ ಬೋರ್ಡ್ ಸದಸ್ಯರಾದ ಟ್ರಸ್ಟಿಗಳು ಒಮ್ಮತದಿಂದ ಆರಿಸಿದರು. ಆದರೆ ಫ್ಲೋರಿಡಾದಲ್ಲಿ ಅವರ ಮೇಲೆ ಇಡೀ ರಾಜ್ಯಕ್ಕೆ ಇನ್ನೊಂದು ಬೋರ್ಡ್ ಇದೆ. 2025ರ ಜೂನ್ 3ರಂದು ಅದು 10-6 ಮತಗಳಿಂದ ತಿರಸ್ಕರಿಸಿತು. ಒಂದು ಕಡೆ ಇದ್ದ ಕೆಲಸ ಬಿಟ್ಟಾಗಿತ್ತು, ಇನ್ನೊಂದು ಕಡೆ ಸಿಗಲಿಲ್ಲ. ನಿಮ್ಮ ರಾಜ್ಯದಲ್ಲಿ ಬೋರ್ಡಿನ ಮೇಲೆ ಬೋರ್ಡ್ ಇದೆಯಾ ಅಂತ ಖಂಡಿತ ನೋಡಿಕೊಳ್ಳಿ. ಹಾಗೆ ಇದ್ದರೆ ನೀವು ಪತ್ರ ಬರೆಯುವ ವಿಳಾಸವೇ ಬದಲಾಗಬಹುದು.

ಈಗ ನಿಮ್ಮ ಮೂವರು ಹೊಸಬರ ವಿಷಯ. ಒಂಬತ್ತರಲ್ಲಿ ಮೂವರು, ಇನ್ನೂ ಆರು ಜನ ಹಳಬರು ಇದ್ದಾರಲ್ಲ, ಐದು ಮತ ಸಾಕಲ್ವಾ ಅಂತ ನೀವು ಲೆಕ್ಕ ಹಾಕಿರಬಹುದು. ಹೆಚ್ಚಿನ ಅಧ್ಯಾಪಕರು ಎಡವುವುದು ಇಲ್ಲೇ. ಕಾಗದದ ಮೇಲೆ ಐದು ಮತ ಸಾಕು. ಆದರೆ 5-4ರಲ್ಲಿ ನವೀಕರಣ ಆದ ಅಧ್ಯಕ್ಷರು ಮರುದಿನದಿಂದಲೇ ಅರ್ಧ ಅಧ್ಯಕ್ಷರು. ದೊಡ್ಡ ದಾನಿಗಳು ಕೈ ಬಿಗಿ ಹಿಡಿಯುತ್ತಾರೆ. ಪ್ರೊವೋಸ್ಟ್ (ಶೈಕ್ಷಣಿಕ ಮುಖ್ಯಸ್ಥ) ಹುದ್ದೆಗೆ ಒಳ್ಳೆಯವರು ಅರ್ಜಿ ಹಾಕಲು ಹಿಂದೆ ಮುಂದೆ ನೋಡುತ್ತಾರೆ. ಶಾಸನಸಭೆಯಲ್ಲಿ ಬಜೆಟ್ ಕೇಳಲು ಹೋದರೆ, ನಿಮ್ಮ ಬೋರ್ಡೇ ನಿಮ್ಮ ಜೊತೆ ಇಲ್ಲವಲ್ಲ ಅನ್ನುತ್ತಾರೆ. ಇದು ಬೋರ್ಡಿನ ಮುಖ್ಯಸ್ಥರಾದ ಚೇರ್‌ಗೂ ಗೊತ್ತು, ಅಧ್ಯಕ್ಷರಿಗೂ ಗೊತ್ತು. ಹಾಗಾಗಿ ಎಲ್ಲಿಯೂ ಬರೆದಿಡದ ಒಂದು ನಿಯಮ ಇದೆ: ನವೀಕರಣ ಅಂದರೆ ಒಮ್ಮತ, ಅಥವಾ ಒಂದು ಮತ ಕಡಿಮೆ. ಅದಕ್ಕಿಂತ ಕೆಳಗೆ ಯಾರೂ ಮತಕ್ಕೆ ಹಾಕುವುದೇ ಇಲ್ಲ.

ಈ ನಿಯಮದಿಂದಾಗಿ ಮೂವರ ಗುಂಪಿಗೆ ತಮ್ಮ ಸಂಖ್ಯೆಗಿಂತ ಎಷ್ಟೋ ಜಾಸ್ತಿ ಬಲ ಬರುತ್ತದೆ. ಅವರು ಗೆಲ್ಲಬೇಕಾಗಿಲ್ಲ. "ಮತಕ್ಕೆ ಹಾಕಿದರೆ ನಾವು ಬಹಿರಂಗವಾಗಿ ವಿರೋಧಿಸುತ್ತೇವೆ" ಅಂತ ಚೇರ್‌ಗೆ ಒಂದು ಮಾತು ಹೇಳಿದರೆ ಸಾಕು. ಆಗ ಹಳಬರಲ್ಲಿ ಯಾರಾದರೂ ಒಬ್ಬರು "ಈಗ ಬೇಡ, ಮುಂದಿನ ಸಭೆಗೆ ನೋಡೋಣ" ಅನ್ನುತ್ತಾರೆ. ಅದು ಸಜ್ಜನಿಕೆಯ ಮಾತಾಗಿ ಕೇಳುತ್ತದೆ, ಆದರೆ ಲಾಭ ಆಗುವುದು ತಡೆಯುವವರಿಗೆ. ಗಡಿಯಾರ ಅವರ ಪರವಾಗಿ ಓಡುತ್ತಿರುತ್ತದೆ. ನಿಮ್ಮ ಸೆಪ್ಟೆಂಬರ್ ಸಭೆಯಲ್ಲಿ ಇಂಥದೇ ಏನಾದರೂ ಆಗಿರುವ ಸಂಭವ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ.

ಫೋನಿನ ರಾಜಕೀಯ ಹೇಗಿರುತ್ತದೆ ಅಂತ ತಿಳಿಯಲು ವರ್ಜೀನಿಯಾ ಯೂನಿವರ್ಸಿಟಿಯ 2012ರ ಕಥೆಯನ್ನು ಮರೆಯಬಾರದು. ತೆರೇಸಾ ಸಲ್ಲಿವನ್ 2010ರಲ್ಲಿ ಅಧ್ಯಕ್ಷರಾಗಿ ಬಂದಿದ್ದರು. ಅಲ್ಲಿನ ಬೋರ್ಡಿಗೆ ಬೋರ್ಡ್ ಆಫ್ ವಿಸಿಟರ್ಸ್ ಅನ್ನುತ್ತಾರೆ, ಅದರ ಮುಖ್ಯಸ್ಥರಿಗೆ ರೆಕ್ಟರ್. ಆಗ ರೆಕ್ಟರ್ ಆಗಿದ್ದವರು ಹೆಲೆನ್ ಡ್ರೇಗಸ್. ಆ ರಾಜ್ಯದಲ್ಲಿ ಮೂವರು ಸದಸ್ಯರು ಸೇರಿ ಕೆಲಸದ ವಿಷಯ ಮಾತಾಡಿದರೆ ಅದು ಸಾರ್ವಜನಿಕ ಸಭೆ ಅಂತ ಕಾನೂನು. ಹಾಗಾಗಿ ಸದಸ್ಯರ ಜೊತೆ ಒಬ್ಬೊಬ್ಬರಾಗಿಯೇ ಮಾತುಕತೆ ನಡೆಯಿತು. ಜೂನ್ 8ರಂದು ರೆಕ್ಟರ್ ಮತ್ತು ವೈಸ್ ರೆಕ್ಟರ್ ಇಬ್ಬರೂ ಸಲ್ಲಿವನ್ ಬಳಿ ಹೋಗಿ, ಬೋರ್ಡಿನ ಬೆಂಬಲ ನಿಮಗಿಲ್ಲ, ನಿಮ್ಮನ್ನು ತೆಗೆಯಲು ಬೇಕಾದ ಮತಗಳು ನಮ್ಮ ಹತ್ತಿರ ಇವೆ ಅಂದರು. ಜೂನ್ 10, ಭಾನುವಾರ, ರಾಜೀನಾಮೆಯ ಸುದ್ದಿ ಹೊರಬಂತು. ಪೂರ್ತಿ ಬೋರ್ಡ್ ಒಂದು ಕಡೆ ಕೂತು ಈ ಬಗ್ಗೆ ಚರ್ಚಿಸಿ ಮತ ಹಾಕಿರಲೇ ಇಲ್ಲ.

ಆಮೇಲೆ ನಡೆದದ್ದು ಅವರ ಲೆಕ್ಕದಲ್ಲಿ ಇರಲಿಲ್ಲ. ಅಧ್ಯಾಪಕರು, ಡೀನ್‌ಗಳು, ಹಳೆ ವಿದ್ಯಾರ್ಥಿಗಳು ಎದ್ದು ನಿಂತರು. ಫ್ಯಾಕಲ್ಟಿ ಸೆನೆಟ್ ಬೋರ್ಡಿನ ಮೇಲೆಯೇ ಅವಿಶ್ವಾಸ ನಿರ್ಣಯ ಮಾಡಿತು. ವಿದ್ಯಾರ್ಥಿಗಳ ಪತ್ರಿಕೆ ದಾಖಲೆ ಕೇಳಿ ಇಮೇಲ್‌ಗಳನ್ನು ಹೊರತೆಗೆಯಿತು. ಆನ್‌ಲೈನ್ ಶಿಕ್ಷಣದಲ್ಲಿ ಯೂನಿವರ್ಸಿಟಿ ಹಿಂದೆ ಬಿದ್ದಿದೆ ಅನ್ನುವ ಆತಂಕದ ಪತ್ರಿಕಾ ಲೇಖನಗಳನ್ನು ಬೋರ್ಡಿನ ಮುಖ್ಯಸ್ಥರು ಒಬ್ಬರಿಗೊಬ್ಬರು ಕಳಿಸಿಕೊಂಡದ್ದು ಎಲ್ಲರಿಗೂ ಗೊತ್ತಾಯಿತು. ವೈಸ್ ರೆಕ್ಟರ್ ರಾಜೀನಾಮೆ ಕೊಟ್ಟರು. 26ರೊಳಗೆ ಇದನ್ನು ಬಗೆಹರಿಸದಿದ್ದರೆ ಇಡೀ ಬೋರ್ಡಿನ ರಾಜೀನಾಮೆ ಕೇಳುತ್ತೇನೆ ಅಂತ ಗವರ್ನರ್ ಎಚ್ಚರಿಸಿದರು. ಆ 26ರಂದೇ ಬೋರ್ಡ್ ಒಮ್ಮತದಿಂದ ಸಲ್ಲಿವನ್ ಅವರನ್ನು ಮತ್ತೆ ಕೂರಿಸಿತು. ಡ್ರೇಗಸ್ ಕೂಡ ಪರವಾಗಿ ಮತ ಹಾಕಿದರು. ಸಲ್ಲಿವನ್ 2018ರವರೆಗೆ ಇದ್ದರು.

ಈ ಕಥೆಯನ್ನು ಅಧ್ಯಾಪಕರ ಗೆಲುವು ಅಂತ ಹೇಳುವವರು ಬಹಳ. ಗೆಲುವೇ ನಿಜ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಅದೇ ವರ್ಷ ಡಿಸೆಂಬರಿನಲ್ಲಿ ದಕ್ಷಿಣದ ರಾಜ್ಯಗಳ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಈ ಯೂನಿವರ್ಸಿಟಿಗೆ ಎಚ್ಚರಿಕೆ ನೀಡಿತು. ಅದರ ತಕರಾರು ಅಧ್ಯಕ್ಷರು ಒಳ್ಳೆಯವರೋ ಕೆಟ್ಟವರೋ ಅನ್ನುವುದರ ಬಗ್ಗೆ ಇರಲಿಲ್ಲ, ಬೋರ್ಡ್ ನಡೆದುಕೊಂಡ ರೀತಿಯ ಬಗ್ಗೆ ಇತ್ತು. ಒಂದು ವರ್ಷದ ಮೇಲೆ, 2013ರ ಡಿಸೆಂಬರಿನಲ್ಲಿ, ಆ ಎಚ್ಚರಿಕೆಯನ್ನು ಹಿಂತೆಗೆದುಕೊಂಡಿತು. ಬೋರ್ಡುಗಳು ಅಧ್ಯಾಪಕರ ಸಿಟ್ಟಿಗೆ ಹೆದರುವುದು ಕಡಿಮೆ. ಮಾನ್ಯತೆಯ ಪ್ರಶ್ನೆಗೆ ನಿಜವಾಗಿ ಹೆದರುತ್ತವೆ.

ಎಲ್ಲ ಕಡೆ ಹೀಗೆ ಆಗುವುದಿಲ್ಲ. ನಾರ್ತ್ ಕ್ಯಾರೊಲಿನಾದಲ್ಲಿ ರಾಜ್ಯದ ಯೂನಿವರ್ಸಿಟಿಗಳ ಬೋರ್ಡನ್ನು ಆರಿಸುವುದು ಶಾಸನಸಭೆ. 2010ರ ಚುನಾವಣೆಯಲ್ಲಿ ಅಲ್ಲಿ ಬಹುಮತ ಬದಲಾಯಿತು. ಆಮೇಲೆ ಬೋರ್ಡ್ ಸದಸ್ಯರೂ ನಿಧಾನವಾಗಿ ಬದಲಾದರು. 2015ರ ಜನವರಿಯಲ್ಲಿ ಆ ಯೂನಿವರ್ಸಿಟಿಗಳೆಲ್ಲದರ ಅಧ್ಯಕ್ಷ ಟಾಮ್ ರಾಸ್ ಅವರಿಗೆ ಹೋಗಿ ಅಂದರು. ಬೋರ್ಡಿನ ಚೇರ್ ಅದೇ ದಿನ ಅವರ ಕೆಲಸವನ್ನು ಹೊಗಳಿದರು, ಇದರಲ್ಲಿ ರಾಜಕೀಯ ಇಲ್ಲ ಅಂದರು. ಹೋಗಲು ಒಂದು ವರ್ಷ ಸಮಯ ಕೊಟ್ಟರು. ಗಲಾಟೆ ಆಯಿತು, ಆದರೆ ನಿಲ್ಲಲಿಲ್ಲ. ನಿಮ್ಮ ಪ್ರಶ್ನೆಗೆ ಇದರಲ್ಲಿ ಉತ್ತರ ಇದೆ. ವಿದ್ಯಾರ್ಥಿಗಳ ಸಂಖ್ಯೆ ಏರಿದರೂ ಬಜೆಟ್ ಸರಿಯಿದ್ದರೂ ಅಧ್ಯಕ್ಷರು ಹೋಗಬಹುದು, ಯಾಕೆಂದರೆ ಅವರನ್ನು ತಂದ ಬೋರ್ಡೇ ಈಗ ಇಲ್ಲ. ಹೊಸ ಸದಸ್ಯರಿಗೆ ಹಳೆಯ ಅಧ್ಯಕ್ಷರು ಬೇರೆಯವರು ಆರಿಸಿದ ವ್ಯಕ್ತಿ. ದ್ವೇಷ ಇರಬೇಕು ಅಂತಿಲ್ಲ, ನಂಟು ಇಲ್ಲ ಅಷ್ಟೆ.

ಇದು ಹೊಸ ಕಾಲದ ರೋಗವೂ ಅಲ್ಲ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯನ್ನು 1958ರಿಂದ ನಡೆಸಿದ್ದ ಕ್ಲಾರ್ಕ್ ಕೆರ್ ಅವರನ್ನು ರೀಜೆಂಟರು 1967ರ ಜನವರಿ 20ರಂದು 14-8 ಮತಗಳಿಂದ ತೆಗೆದರು. ರೊನಾಲ್ಡ್ ರೇಗನ್ ಗವರ್ನರ್ ಆಗಿ ಮೂರು ವಾರವೂ ಆಗಿರಲಿಲ್ಲ. ಅಲ್ಲಿ ಗವರ್ನರ್ ಹುದ್ದೆಯ ಬಲದಿಂದಲೇ ರೀಜೆಂಟ್. ಬರ್ಕ್ಲಿ ವಿದ್ಯಾರ್ಥಿ ಚಳವಳಿಯನ್ನು ಕೆರ್ ಗಟ್ಟಿಯಾಗಿ ಹತ್ತಿಕ್ಕಲಿಲ್ಲ ಅನ್ನುವ ಸಿಟ್ಟು 1964ರಿಂದ ಒಳಗೊಳಗೇ ಇತ್ತು. ಚುನಾವಣೆ ಅದಕ್ಕೆ ಬೇಕಾದ ಮತಗಳನ್ನು ತಂದುಕೊಟ್ಟಿತು.

ಅಧ್ಯಕ್ಷರ ಅವಧಿ ಒಟ್ಟಾರೆ ಕುಗ್ಗುತ್ತಲೂ ಇದೆ. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಸಮೀಕ್ಷೆಗಳ ಪ್ರಕಾರ ಹುದ್ದೆಯಲ್ಲಿರುವ ಅಧ್ಯಕ್ಷರು ಕಳೆದ ಸರಾಸರಿ ಕಾಲ 2006ರಲ್ಲಿ 8.5 ವರ್ಷ ಇತ್ತು, 2016ರಲ್ಲಿ 6.5, 2022ರಲ್ಲಿ 5.9. ಒಂದು ಹೊಸ ವಿಭಾಗ ಕಟ್ಟಿ, ಅಧ್ಯಾಪಕರನ್ನು ತಂದು, ಮೊದಲ ತಂಡದ ಮಕ್ಕಳು ಡಿಗ್ರಿ ಪಡೆಯುವಷ್ಟರಲ್ಲಿ ಅದನ್ನು ಶುರು ಮಾಡಿದವರೇ ಇರುವುದಿಲ್ಲ. ಈ ಅಂಕಿ ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನವೀಕರಣ ಮಾಡದಿರುವುದು ಬೋರ್ಡಿನ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ. ಬಜೆಟ್ಟಿನ ತೂತು ಮುಚ್ಚಿಟ್ಟ ಅಧ್ಯಕ್ಷರನ್ನು, ದೂರು ಕೊಟ್ಟವರನ್ನು ಮೂಲೆಗೆ ತಳ್ಳಿದವರನ್ನು ಮತ್ತೆ ಐದು ವರ್ಷ ಇಟ್ಟುಕೊಂಡ ಬೋರ್ಡುಗಳೂ ಇವೆ. ಅದೂ ಅಷ್ಟೇ ದೊಡ್ಡ ತಪ್ಪು. ನನ್ನ ಸಿಟ್ಟು ಇರುವುದು ಕಾರಣವನ್ನು ಎಲ್ಲೂ ಬರೆಯದೆ, ಅಧ್ಯಕ್ಷರ ಮುಖಕ್ಕೆ ಹೇಳದೆ, ದಿನ ದಾಟಿಸಿ ಕಳಿಸುವ ರೀತಿಯ ಮೇಲೆ. ನಾವು ಕಾರಿಡಾರಿನಲ್ಲಿ ಕಾದಿದ್ದು ಯಾರ ವಿಷಯಕ್ಕೋ ಆ ಅಧ್ಯಕ್ಷರಿಗೆ ಮೂರು ವರ್ಷವೂ ಮೌಲ್ಯಮಾಪನದಲ್ಲಿ ಒಳ್ಳೆಯ ಮಾತೇ ಬಂದಿತ್ತು. ಮೂರನೆಯ ಪತ್ರದಲ್ಲಿ ಮಾತ್ರ ಒಂದು ಸಾಲು ಕಾಣೆಯಾಗಿತ್ತು. ಹಿಂದಿನ ಎರಡರಲ್ಲೂ ಕೊನೆಗೆ "ಮುಂದಿನ ವರ್ಷಗಳಲ್ಲಿ ನಿಮ್ಮ ಜೊತೆ ಕೆಲಸ ಮಾಡಲು ಬೋರ್ಡ್ ಎದುರು ನೋಡುತ್ತಿದೆ" ಅಂತ ಇತ್ತು. ಮೂರನೆಯದರಲ್ಲಿ "ನಿಮ್ಮ ಸೇವೆಗೆ ಬೋರ್ಡ್ ಕೃತಜ್ಞವಾಗಿದೆ" ಅಂತ ಇತ್ತು. ನಾವ್ಯಾರೂ ಅದನ್ನು ಗಮನಿಸಲಿಲ್ಲ. ಅವರು ಗಮನಿಸಿದ್ದರು. ಆಮೇಲೆ ಒಂದು ದಿನ ಎರಡನೆಯ ಮತ್ತು ಮೂರನೆಯ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನನಗೆ ತೋರಿಸಿದರು. "ನನಗೆ ಅವತ್ತೇ ಗೊತ್ತಾಯಿತು, ಆದರೆ ಯಾರನ್ನು ಕೇಳಲಿ?" ಅಂದರು.

ಇನ್ನು ನಿಮ್ಮ ಪತ್ರ. ಬರೆಯಿರಿ. ಆದರೆ ಈಗ ಅಂದುಕೊಂಡಿರುವ ಹಾಗೆ ಬರೆಯಬೇಡಿ.

"ನಮ್ಮ ಅಧ್ಯಕ್ಷರನ್ನು ಉಳಿಸಿ" ಅಂತ ಇನ್ನೂರು ಜನ ಸಹಿ ಹಾಕಿದರೆ ಮೂವರು ಹೊಸಬರಿಗೆ ಅದು ಪುರಾವೆ ಆಗುತ್ತದೆ. ನೋಡಿ, ಇವರು ಅಧ್ಯಾಪಕರ ಮನುಷ್ಯ, ನಮ್ಮ ಮಾತು ಕೇಳುವವರಲ್ಲ ಅನ್ನುತ್ತಾರೆ. ಜೊತೆಗೆ ಸಹಿ ಹಾಕದವರು ಯಾರು ಅನ್ನುವ ಎಣಿಕೆಯೂ ಶುರುವಾಗುತ್ತದೆ. ವ್ಯಕ್ತಿಯ ಪರ ನಿಲ್ಲುವ ಬದಲು ಕ್ರಮದ ಬಗ್ಗೆ ಕೇಳಿ. ಈ ವರ್ಷ ಮೌಲ್ಯಮಾಪನ ಆಗಿದೆಯಾ? ಯಾವ ಅಳತೆಗೋಲಿನಿಂದ? ಅಧ್ಯಾಪಕರ, ಸಿಬ್ಬಂದಿಯ ಅಭಿಪ್ರಾಯ ಕೇಳಿದ್ದೀರಾ? ಯಾವ ದಿನಾಂಕದೊಳಗೆ ತೀರ್ಮಾನ ಹೇಳುತ್ತೀರಿ? ಈ ಪ್ರಶ್ನೆಗಳನ್ನು ಅಧ್ಯಕ್ಷರು ಇಷ್ಟ ಇರುವವರೂ ಕೇಳಬಹುದು, ಇಲ್ಲದವರೂ ಕೇಳಬಹುದು. ಹಾಗಾಗಿ ಇದಕ್ಕೆ ಸೆನೆಟ್ ಪೂರ್ತಿ ಒಪ್ಪುತ್ತದೆ. ಬೋರ್ಡುಗಳ ರಾಷ್ಟ್ರೀಯ ಸಂಘವೂ ಅಧ್ಯಾಪಕರ ರಾಷ್ಟ್ರೀಯ ಸಂಘವೂ ಸೇರಿ 1966ರಲ್ಲಿ ರೂಪಿಸಿದ ಒಂದು ಹೇಳಿಕೆ ಇದೆ. ಯೂನಿವರ್ಸಿಟಿ ನಡೆಸುವುದರಲ್ಲಿ ಬೋರ್ಡ್, ಅಧ್ಯಕ್ಷರು, ಅಧ್ಯಾಪಕರು ಒಬ್ಬರಿಗೊಬ್ಬರು ಕೇಳಿ ನಡೆಯಬೇಕು ಅನ್ನುವುದು ಅದರ ಸಾರ. ನಿಮ್ಮ ಪತ್ರದಲ್ಲಿ ಅದನ್ನು ನೆನಪಿಸಿ, ಮಾನ್ಯತೆ ಸಂಸ್ಥೆಯ ಆಡಳಿತದ ನಿಯಮಗಳನ್ನೂ ಒಂದು ಸಾಲಿನಲ್ಲಿ ಹೇಳಿ. ಬೆದರಿಕೆಯ ದನಿ ಬೇಡ. ಹೆಸರು ಹೇಳಿದರೆ ಸಾಕು, ಅವರಿಗೆ ಅರ್ಥ ಆಗುತ್ತದೆ.

ಅವಿಶ್ವಾಸ ಮತವನ್ನು ಈಗಲೇ ಕೈಗೆ ತೆಗೆದುಕೊಳ್ಳಬೇಡಿ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 2022ರ ಅಕ್ಟೋಬರಿನಲ್ಲಿ ಫ್ಯಾಕಲ್ಟಿ ಸೆನೆಟ್ ಟ್ರಸ್ಟಿಗಳ ಮೇಲೆ ಅವಿಶ್ವಾಸ ನಿರ್ಣಯ ಮಾಡಿತು. ಅದಾಗಿ ಎರಡೇ ದಿನಕ್ಕೆ ಅಧ್ಯಕ್ಷ ಸ್ಯಾಮ್ಯುಯೆಲ್ ಸ್ಟ್ಯಾನ್ಲಿ ತಾವೇ, ಈ ಬೋರ್ಡಿನ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಹೇಳಿ ರಾಜೀನಾಮೆ ಪ್ರಕಟಿಸಿದರು. ಕಾಂಟ್ರ್ಯಾಕ್ಟ್ ಇನ್ನೂ ಬಾಕಿ ಇತ್ತು. ಅಲ್ಲಿನ ಎಂಟು ಟ್ರಸ್ಟಿಗಳನ್ನು ರಾಜ್ಯದ ಮತದಾರರು ಎಂಟು ವರ್ಷಕ್ಕೆ ಆರಿಸುತ್ತಾರೆ. ಸೆನೆಟ್ ಏನೇ ಹೇಳಿದರೂ ಅವರು ಹೋಗಬೇಕಾಗಿಲ್ಲ. ಅವಿಶ್ವಾಸ ಮತ ಒಂದೇ ಸಲ ಹಾರಿಸಬಹುದಾದ ಬಾಣ. ಬಿಟ್ಟ ಮೇಲೆ ಬತ್ತಳಿಕೆ ಖಾಲಿ.

ಒಂದು ವರ್ಷದ ವಿಸ್ತರಣೆ ಕೊಟ್ಟರೆ ಖುಷಿಪಡಬೇಡಿ. ಜನ ಅದನ್ನು ರಾಜಿ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ಬಾಗಿಲ ಕಡೆ ಕೈ ತೋರಿಸಿದ ಹಾಗೆ. ಆ ವರ್ಷ ಡೀನ್‌ಗಳು ಬೇರೆ ಕೆಲಸ ಹುಡುಕುತ್ತಾರೆ, ದೊಡ್ಡ ತೀರ್ಮಾನಗಳು ನಿಂತು ಹೋಗುತ್ತವೆ. ಆದರೆ ಹೊಸ ಅಧ್ಯಕ್ಷರ ಹುಡುಕಾಟಕ್ಕೆ ಸಮಯ ಸಿಗುತ್ತದೆ ಅನ್ನುವುದಾದರೆ, ಬೋರ್ಡ್ ಅದನ್ನು ಬಾಯಿಬಿಟ್ಟು ಹೇಳಲಿ ಅಂತ ಕೇಳಿ.

ನಾಳೆಯೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮದು ಸ್ಟೇಟ್ ಯೂನಿವರ್ಸಿಟಿ, ಹಾಗಾಗಿ ಅಧ್ಯಕ್ಷರ ಕಾಂಟ್ರ್ಯಾಕ್ಟ್ ಸಾರ್ವಜನಿಕ ದಾಖಲೆ. ಎಷ್ಟೋ ಕಡೆ ಬೋರ್ಡ್ ಕಚೇರಿಯ ಕಾರ್ಯದರ್ಶಿಗೆ ಒಂದು ಇಮೇಲ್ ಹಾಕಿದರೆ ಕೊಡುತ್ತಾರೆ. ಕೊಡದಿದ್ದರೆ ರಾಜ್ಯದ ದಾಖಲೆ ಕಾನೂನಿನಡಿ ಅರ್ಜಿ ಹಾಕಿ. ಸಂಬಳದ ಪುಟ ಬಿಟ್ಟು ನೋಟಿಸಿನ ಕಲಂ ಹುಡುಕಿ. ನವೀಕರಣ ಇಲ್ಲ ಅಂದರೆ ಇಷ್ಟು ತಿಂಗಳು ಮೊದಲು ಲಿಖಿತವಾಗಿ ತಿಳಿಸಬೇಕು ಅಂತ ಸಾಮಾನ್ಯವಾಗಿ ಇರುತ್ತದೆ. ತಿಳಿಸದಿದ್ದರೆ ಏನಾಗುತ್ತದೆ ಅಂತಲೂ ಕೆಲವದರಲ್ಲಿ ಇರುತ್ತದೆ: ತಾನಾಗಿಯೇ ಒಂದು ವರ್ಷ ಮುಂದುವರಿಯಬಹುದು, ಇಲ್ಲವೇ ತಾನಾಗಿಯೇ ಮುಗಿಯಬಹುದು. ಎರಡಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಆರು ತಿಂಗಳ ನೋಟಿಸ್ ಅಂತ ಇದ್ದರೆ ನಿಮ್ಮ ನಿಜವಾದ ಕಡೆಯ ದಿನ ಜೂನ್ 30 ಅಲ್ಲ, ಡಿಸೆಂಬರ್ 31. ಅಂದರೆ ಡಿಸೆಂಬರ್ ಸಭೆಯೇ ಕೊನೆಯದು.

ಡಿಸೆಂಬರ್ ಸಭೆಯ ಕಾಗದಗಳ ಕಟ್ಟು ಸದಸ್ಯರಿಗೆ ಒಂದೆರಡು ವಾರ ಮೊದಲೇ ಹೋಗುತ್ತದೆ. ಸಭೆಯ ದಿನ ಬಾಗಿಲಲ್ಲಿ ಹಂಚಿದ ಪತ್ರವನ್ನು ಯಾರೂ ಓದುವುದಿಲ್ಲ, ಕಟ್ಟಿನೊಳಗೆ ಹೋದದ್ದನ್ನು ಓದುತ್ತಾರೆ. ನವೆಂಬರ್ ಮೊದಲ ವಾರದ ಸೆನೆಟ್ ಸಭೆಯಲ್ಲಿ ಪತ್ರಕ್ಕೆ ಒಪ್ಪಿಗೆ ಪಡೆದು, ಅದನ್ನು ಕಟ್ಟಿಗೆ ಸೇರಿಸಿ ಅಂತ ಕಾರ್ಯದರ್ಶಿಗೆ ಲಿಖಿತವಾಗಿ ಕೇಳಿ. ಹಾಗೆಯೇ ಆರು ಜನ ಹಳಬರಲ್ಲಿ ನಿಮ್ಮ ಕ್ಯಾಂಪಸ್ಸಿನಲ್ಲೇ ಓದಿದವರು ಯಾರಿದ್ದಾರೆ ನೋಡಿ. ಅವರ ಹಳೆಯ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು ಅವರಿಗೆ ಒಂದು ಫೋನ್ ಮಾಡಲಿ. ಮನವೊಲಿಸುವುದು ಬೇಡ. "ತೀರ್ಮಾನ ಯಾವತ್ತು ಹೇಳುತ್ತೀರಿ?" ಅಂತ ಕೇಳಿದರೆ ಸಾಕು. ಉತ್ತರ ಬಂದ ಮೇಲೆ ನನಗೆ ಇನ್ನೊಮ್ಮೆ ಬರೆಯಿರಿ, ಕಾಂಟ್ರ್ಯಾಕ್ಟಿನ ನೋಟಿಸ್ ಕಲಂ ಇಟ್ಟುಕೊಂಡು ಮುಂದಿನದು ನೋಡೋಣ.